ವರ ನೋಡಿ ಬಂದವನ ರೀಕ್ಯಾಪ್

ಕಳೆದ ಭಾನುವಾರ ನನ್ನ ಕೆಲಸ ಹೋಯಿತು. ಗಾಬರಿಯಾಗಬೇಡಿ, ಮಾದಾಪುರದ ಆಫೀಸಿನ ಕೆಲಸವಲ್ಲ. ಅದು ಭದ್ರವಾಗಿದೆ (ಈ ವಾರದ ಮಟ್ಟಿಗೆ). ಹೋಗಿದ್ದು ಮನೆಯಲ್ಲಿ ಅಣ್ಣನಾಗಿ ನನಗಿದ್ದ ಕೆಲಸ.

ಆಫೀಸಿನಲ್ಲಿ ನನಗೆ ಭಾರೀ ಬೇಡಿಕೆ. ಮೀಟಿಂಗ್ ಮುಗಿಯುತ್ತಲೇ ಎಲ್ಲರೂ ನನ್ನತ್ತ ತಿರುಗುತ್ತಾರೆ: "ರೀಕ್ಯಾಪ್ ಪ್ಲೀಸ್!" ಏನಿದು ರೀಕ್ಯಾಪ್? ನಡೆದದ್ದನ್ನು ಚುಟುಕಾಗಿ ಮತ್ತೊಮ್ಮೆ ಹೇಳುವುದು. ಒಂದು ತಾಸಿನ ಜಗಳವನ್ನು ಹಿಂಡಿ ಮೂರು ಪಾಯಿಂಟ್ ಮಾಡಿಕೊಡುತ್ತೇನೆ. ಯಾರು ಕೂಗಾಡಿದರು, ಯಾರು ಮುಖ ಊದಿಸಿಕೊಂಡರು, ಅದೆಲ್ಲ ಔಟ್. ಮ್ಯಾನೇಜರ್ ಬೆನ್ನು ತಟ್ಟುತ್ತಾರೆ. ನಾನೂ ಉಬ್ಬುತ್ತೇನೆ.

ಇಂಥ ನನ್ನನ್ನು ತಂಗಿಗೆ ವರ ನೋಡಿ ಬರಲು ಕಳಿಸಿದರು. ಅವ್ವನಿಗೆ ಮೊಣಕಾಲು ನೋವು. ಹುಡುಗನ ಮನೆ ಬಾಲಾನಗರದಲ್ಲಿ. ಮೊದಲು ಮನೆಯ ಗಂಡಸು ಹೋಗಿ ನೋಡಿ ಬರುವುದು, ಆಮೇಲೆ ಹುಡುಗಿ ತೋರಿಸುವುದು ನಮ್ಮಲ್ಲಿ ಪದ್ಧತಿ. ಹೋದೆ. ಎರಡು ತಾಸು ಕೂತೆ, ಉಪ್ಪಿಟ್ಟು ತಿಂದೆ, ಬಂದೆ.

ಅವ್ವ, ತಂಗಿ ಬಾಗಿಲಲ್ಲೇ ಕಾಯುತ್ತಿದ್ದರು.

"ಪಾಯಿಂಟ್ ಒಂದು, ಹುಡುಗಗ ಪರ್ಮನೆಂಟ್ ನೌಕರಿ ಐತಿ. ಎರಡು, ಸ್ವಂತ ಮನಿ. ಮೂರು, ಅವರದೇನೂ ತಕರಾರ ಇಲ್ಲ."

ಚಪ್ಪಲಿ ಬಿಡುವಷ್ಟರಲ್ಲಿ ಮುಗಿಸಿದ್ದೆ.

"ಆಮ್ಯಾಲೆ?" ಎಂದಳು ಅವ್ವ.

"ಅಷ್ಟ."

"ಅಷ್ಟ ಅಂದ್ರ? ಬಾಗ್ಲಾ ಯಾರ್ ತಗದ್ರು? ಉಪ್ಪಿಟ್ಟು ಯಾರ್ ತಂದ್ರು? ಅತ್ತಿ ಆಗಾಕಿ, ಮಗನ್ನ ಮಾತಾಡಾಕ ಬಿಟ್ಳೋ ಇಲ್ಲೋ?"

ಒಂದೂ ನೆನಪಿಲ್ಲ. ನಮ್ಮ ಅವ್ವ ಅಬಿಡ್ಸ್ ಪೇಟೆಗೆ ಹೋಗಿ ಒಂದು ಬ್ಲೌಸ್ ಪೀಸ್ ತಂದರೆ, ಬಸ್ಸಿನಲ್ಲಿ ಪಕ್ಕ ಕೂತವಳ ಮೂಗುತಿಯಿಂದ ಶುರುಮಾಡುತ್ತಾಳೆ. "ಪಾಯಿಂಟಿಗೆ ಬಾರಬೇ" ಎಂದು ನಾನು ಎಷ್ಟು ಸಲ ರೇಗಿಲ್ಲ? ಪಾಯಿಂಟು ಆ ಮೂಗುತಿಯಲ್ಲೇ ಇತ್ತೋ ಏನೋ!

ತಂಗಿ ಮೆಲ್ಲಗೆ ಕೇಳಿದಳು: "ಅಣ್ಣಾ, ಅಂವ ಒಮ್ಮೆರೆ ನಕ್ಕನೇನ್?"

ನಕ್ಕನೇ? ಎದುರಿಗೇ ಕೂತಿದ್ದ ಮಹಾರಾಯ. ದೇವರಾಣೆ, ಗೊತ್ತಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಳೆ ಅವನ ಜೊತೆ ಬಾಳಬೇಕಾದವಳು ಇವಳು.

"ಅದನ್ನ ನೋಟ್ ಮಾಡ್ಕೊಳ್ಳಲಿಲ್ಲ ನಾ..." ಎಂದು ತೊದಲಿದೆ.

ಅವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ, "ನಾಳೆ ಆಟೋ ಹೇಳು, ನಾನ ಹೋಗಿ ಬರ್ತೀನಿ" ಎಂದಳು. ಅಲ್ಲಿಗೆ ನನ್ನ ನೌಕರಿ ಖತಂ.

ತಂಗಿ ಒಳಗೆ ಹೋಗುತ್ತಾ ತಿರುಗಿ ನೋಡಿದಳು:

"ಸಂಸಾರ ನಾ ಯಾರ್ ಜೋಡಿ ಮಾಡ್ಲಿ ಅಣ್ಣಾ, ನಿನ್ನ ಮೂರು ಪಾಯಿಂಟ್ ಜೋಡೀನ?"