ಕೀ ತೆಗೆದರೂ ನಿಲ್ಲದ ಕಾರು

ಕೀ ತೆಗೆದು ಜೇಬಿಗೆ ಹಾಕಿಕೊಂಡ ಮೇಲೂ ಓಡುತ್ತಲೇ ಇದ್ದ ಒಂದು ಕಾರಿನ ವಿಷಯ ಹೇಳುತ್ತೇನೆ. ನಂಬಬೇಡಿ. ಮುಳಬಾಗಿಲಿನಲ್ಲಿ ನನ್ನ ಮಾತು ನಂಬುವವರು ಮೊದಲೇ ಕಡಿಮೆ. ನೀವೂ ಆ ಸಾಲಿಗೆ ಸೇರಿಕೊಂಡರೆ ನನಗೇನೂ ನಷ್ಟವಿಲ್ಲ. ಆದರೆ ಪೂರ್ತಿ ಓದಿ, ಆಮೇಲೂ ನಂಬದೆ ಇರಿ ನೋಡೋಣ.

ಕೊರೊನಾ ಮುಗಿದು ಹೈವೇ ಮತ್ತೆ ತುಂಬಿಕೊಂಡ ವರ್ಷ ಅದು. ಆಂಧ್ರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲೇ ನನ್ನ ಗ್ಯಾರೇಜು. ಡೀಸೆಲ್ ಎಂಜಿನ್ ವಿಷಯದಲ್ಲಿ ಕೋಲಾರ, ಮಾಲೂರು, ಶ್ರೀನಿವಾಸಪುರ ಎಲ್ಲ ಸೇರಿಸಿದರೂ ನನ್ನಂಥ ಕೈ ಇನ್ನೊಂದಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ಯಾಕೆಂದರೆ ಬೇರೆಯವರು ಹೇಳಲಿ ಅಂತ ಕಾಯುವಷ್ಟು ವಯಸ್ಸು ಇನ್ನು ಉಳಿದಿಲ್ಲ. ಶಬ್ದ ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದೆ. ಜೊತೆಗೊಂದು ಸುಳ್ಳನ್ನೂ ಪುಕ್ಕಟೆ ಕೊಡುತ್ತಿದ್ದೆ.

ಆ ಸುಳ್ಳುಗಳ ಖಾಯಂ ಗಿರಾಕಿ ಚೌಡಪ್ಪ. ನಂಗಲಿ ಕಡೆಯವನು, ನನಗಿಂತ ಚಿಕ್ಕವನು. ಆಂಧ್ರದ ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿದು, ಕೆಳಗಿನ ಹಳ್ಳಿಗಳ ರೈತರ ರೇಷ್ಮೆಗೂಡನ್ನು ತುಂಬಿಕೊಂಡು, ಮತ್ತೆ ಘಾಟ್ ಹತ್ತಿ ಕೋಲಾರದ ಮಾರುಕಟ್ಟೆಗೆ ತಲುಪಿಸುವುದು ಅವನ ಬಾಡಿಗೆ ಕೆಲಸ. ಅವನದು ಹಳೆಯ ಡೀಸೆಲ್ ಕಾರು. ಹಿಂದಿನ ಸೀಟು ಕಿತ್ತು ಅಲ್ಲೂ ಮೂಟೆ, ಮೇಲಿನ ಕ್ಯಾರಿಯರ್ ಮೇಲೂ ಮೂಟೆ. ದೂರದಿಂದ ನೋಡಿದರೆ ಹತ್ತಿಯ ಬಣವೆಯೊಂದು ತಾನೇ ನಡೆದು ಬರುತ್ತಿದೆ ಅನ್ನಿಸುತ್ತಿತ್ತು.

ಒಂದು ಸಲ ಅವನಿಗೆ ಗಂಭೀರವಾಗಿ ಹೇಳಿದೆ: ಘಾಟಿನ ಕೆಳಗಿನ ಗಾಳಿ ಭಾರ, ಅಲ್ಲಿ ಟೈರಿಗೆ ತುಂಬಿಸಿಕೊಂಡ ಗಾಳಿಯನ್ನು ಬಾರ್ಡರ್ ದಾಟಿದ ಮೇಲೆ ಬಿಟ್ಟು, ನಮ್ಮೂರ ಗಾಳಿ ಹೊಡೆಸಿಕೊಂಡರೆ ಮೈಲೇಜ್ ಬರುತ್ತದೆ. ಚೌಡಪ್ಪ ತಿಂಗಳುಗಟ್ಟಲೆ ನಂಗಲಿಯ ಪಂಕ್ಚರ್ ಅಂಗಡಿಯಲ್ಲಿ ಗಾಡಿ ನಿಲ್ಲಿಸಿ ಆಂಧ್ರದ ಗಾಳಿ ಬಿಟ್ಟು ಕರ್ನಾಟಕದ ಗಾಳಿ ತುಂಬಿಸಿಕೊಂಡ. ಕೊನೆಗೆ ಪಂಕ್ಚರ್ ಅಂಗಡಿಯವನೇ ಪಾಪ ಅನ್ನಿಸಿ ನಿಜ ಹೇಳಿಬಿಟ್ಟ. ಹೈವೇ ಉದ್ದಕ್ಕೂ ಟೀ ಅಂಗಡಿಗಳಲ್ಲಿ ಆ ಕಥೆ ಓಡಾಡಿತು. ನನ್ನ ಎದೆ ಎರಡು ಇಂಚು ಅಗಲವಾಯಿತು.

ಅದೇ ಚೌಡಪ್ಪ ಒಂದು ದಿನ ಮುಖ ಇಳಿಸಿಕೊಂಡು ಬಂದ. ಗೂಡು ಬೆಳಗಿನ ಹರಾಜಿಗೆ ತಲುಪಬೇಕು. ತಡವಾದರೆ ಒಣಗಿ ತೂಕ ಇಳಿಯುತ್ತದೆ. ಇವನ ಕಾರು ಘಾಟಿನಲ್ಲಿ ಕಪ್ಪು ಹೊಗೆ ಬಿಡುತ್ತಾ ತೆವಳುವಾಗ ಹೊಸ ಪಿಕಪ್‌ಗಳು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದವು. ಇನ್ನೊಂದು ಸಲ ತಡವಾದರೆ ಬೇರೆ ಗಾಡಿಗೆ ಹಾಕುತ್ತೇವೆ ಅಂತ ರೈತರು ಹೇಳಿದ್ದರಂತೆ. ಹೊಸ ಗಾಡಿ ಕೊಳ್ಳುವ ಶಕ್ತಿ ಅವನಿಗಿಲ್ಲ. ಈ ಬಾಡಿಗೆ ಬಿಟ್ಟರೆ ಬೇರೆ ಕೆಲಸವೂ ಗೊತ್ತಿಲ್ಲ.

"ಏನಾದ್ರೂ ಮಾಡಣ್ಣಾ," ಅಂದ. "ಈ ಗಾಡಿ ಘಾಟ್ ಹತ್ತಿದ್ರೆ ನಾನುಂಟು, ಇಲ್ದಿದ್ರೆ ಇಲ್ಲ."

ಟರ್ಬೊ ಕೂರಿಸೋಣ ಅಂದೆ. ಟರ್ಬೊ ಅಂದರೆ ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಚಕ್ರ. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯ ರಭಸಕ್ಕೆ ಒಂದು ತಿರುಗುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲ್ ಸುಡಬಹುದು, ಶಕ್ತಿ ಬರುತ್ತದೆ. ಕಂಪನಿಯಿಂದಲೇ ಟರ್ಬೊ ಇದ್ದು ಬರುವ ಗಾಡಿಗೆ ಅದು ದೊಡ್ಡ ವಿಷಯವಲ್ಲ. ಇಲ್ಲದ ಹಳೆಯ ಎಂಜಿನ್ನಿಗೆ, ಅದೂ ಚೌಡಪ್ಪನ ಜೇಬಿಗೆ ಹೊಂದುವಂತೆ ಕೂರಿಸುವುದಿದೆಯಲ್ಲ, ಅದಕ್ಕೆ ನಾನೇ ಬೇಕಿತ್ತು.

ಕೋಲಾರದ ಗುಜರಿಯಲ್ಲಿ, ಆಕ್ಸಿಡೆಂಟ್ ಆದ ಗಾಡಿಯೊಂದರ ಟರ್ಬೊ ಸಿಕ್ಕಿತು. ಶಾಫ್ಟ್ ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗಿತ್ತು. ಅದನ್ನು ಕೂರಿಸಲು ದಪ್ಪ ಕಬ್ಬಿಣದ ಪ್ಲೇಟು ಕತ್ತರಿಸಿ ಹೊಗೆ ಹೊರಹೋಗುವ ಮ್ಯಾನಿಫೋಲ್ಡನ್ನು ನಾನೇ ವೆಲ್ಡ್ ಮಾಡಿದೆ. ಆಯಿಲ್ ಪ್ರೆಶರ್ ಸ್ವಿಚ್ ಇರುವ ಜಾಗದಲ್ಲಿ ಮೂರು ಬಾಯಿಯ ಟೀ ಜಾಯಿಂಟ್ ಹಾಕಿ ಟರ್ಬೊಗೆ ಆಯಿಲ್ ಎಳೆದೆ, ವಾಪಸ್ ಬರಲು ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಸಂಪಿನಲ್ಲಿ ತೂತು ಕೊರೆದೆ. ಗಾಳಿಯ ಒತ್ತಡ ನೋಡಲು ಟೈರಿನ ಗಾಳಿ ಅಳೆಯುವ ಮೀಟರನ್ನೇ ಸ್ಟಿಯರಿಂಗ್ ಪಕ್ಕ ಕಟ್ಟಿದೆ. ಅದನ್ನು ನೋಡಿ ಚೌಡಪ್ಪ, "ಇದ್ರೊಳಗೆ ಯಾವೂರ್ ಗಾಳಿ ಅಣ್ಣಾ?" ಅಂದ. ಇಬ್ಬರೂ ನಕ್ಕೆವು.

ಒಂದೇ ಒಂದು ಸಾಮಾನು ಬಿಟ್ಟೆ. ಟರ್ಬೊ ಟೈಮರ್ ಅಂತ ಬರುತ್ತದೆ. ಕೀ ತೆಗೆದ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಓಡಿ ತಾನೇ ನಿಲ್ಲುವಂತೆ ಮಾಡುತ್ತದೆ. ಏರು ಹತ್ತಿದ ಮೇಲೆ ಟರ್ಬೊದ ಶಾಫ್ಟ್ ಕಾದು ಕೆಂಡವಾಗಿರುತ್ತದೆ, ಅದನ್ನು ಕಾಪಾಡುವುದು ಹರಿಯುವ ಆಯಿಲ್ ಮಾತ್ರ. ತಕ್ಷಣ ಎಂಜಿನ್ ಆಫ್ ಮಾಡಿದರೆ ಆಯಿಲ್ ನಿಂತು ಅಲ್ಲೇ ಸುಟ್ಟು ಕರಿಕಟ್ಟುತ್ತದೆ. ಬಾಯಲ್ಲಿ ಹೇಳಿದರೆ ಸಾಕು, ಅದಕ್ಕೆ ಇನ್ನೊಂದು ಖರ್ಚು ಯಾಕೆ ಅಂದುಕೊಂಡೆ. ನನ್ನ ಬಾಯಿಗೆ ಮಾರುಕಟ್ಟೆಯಲ್ಲಿ ಬೆಲೆ ಎಷ್ಟಿದೆ ಅಂತ ಯೋಚಿಸಲಿಲ್ಲ.

ನಮ್ಮ ಕಡೆಯ ಹಳೇ ಡ್ರೈವರುಗಳ ಅಭ್ಯಾಸ ಗೊತ್ತಲ್ಲ. ಏರು ಮುಗಿದು ಇಳಿಜಾರು ಕಂಡ ತಕ್ಷಣ ಎಂಜಿನ್ ಆಫ್, ನ್ಯೂಟ್ರಲ್, ಹಾಗೇ ಉರುಳಿಸುವುದು. ಡೀಸೆಲ್ ಉಳಿಯಿತು ಅನ್ನುವ ಖುಷಿ. ಚೌಡಪ್ಪ ಅದರಲ್ಲಿ ಪಂಡಿತ. ಗಾಡಿ ಒಪ್ಪಿಸುವಾಗ ಅವನಿಗೆ ಹೇಳಿದೆ: ಇನ್ನು ಮೇಲೆ ಉರುಳಿಸಬೇಡ, ಘಾಟ್ ಹತ್ತಿದ ಮೇಲೆ ಎರಡು ನಿಮಿಷ ಗಾಡಿಯನ್ನು ಸುಮ್ಮನೆ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡು.

ಅವನು ನನ್ನನ್ನೇ ನೋಡಿದ. ಗ್ಯಾರೇಜಿನಲ್ಲಿದ್ದವರೂ ನೋಡಿದರು.

"ನಿಂತಿರೋ ಗಾಡೀಲಿ ಡೀಸೆಲ್ ಸುಡ್ಬೇಕಾ? ಹೋಗಣ್ಣಾ, ಗಾಳಿ ಕಥೆ ಹೇಳಿ ಒಂದ್ಸಲ ಕುಣಿಸಿದ್ದೆ. ಈ ಸಲ ಸಿಗಲ್ಲ ಕಣಣ್ಣಾ ನಾನು."

ಎಲ್ಲರೂ ನಕ್ಕರು. ಆಗ ನಾನು ಮಾಡಬೇಕಾಗಿದ್ದ ಕೆಲಸ ಒಂದೇ, ನಗದೆ ಇರುವುದು. ಅಷ್ಟು ಜನ ನಗುವಾಗ ನಗದೆ ಇರುವ ಅಭ್ಯಾಸ ನನಗಿರಲಿಲ್ಲ. ನಾನೂ ನಕ್ಕೆ.

ಕಾರು ಮಾತ್ರ ಹಾರಿತು. ಮೊದಲ ಬಾಡಿಗೆಯ ದಿನವೇ ಪಿಕಪ್‌ಗಳನ್ನು ಹಿಂದೆ ಹಾಕಿ ಘಾಟ್ ಹತ್ತಿದನಂತೆ. ಹರಾಜು ಶುರುವಾಗುವ ಮೊದಲೇ ಕೋಲಾರದಲ್ಲಿ ಟೀ ಕುಡಿಯುತ್ತಾ ಕೂತಿದ್ದನಂತೆ. ಬೇರೆ ಗಾಡಿಗೆ ಹಾಕುತ್ತೇವೆ ಅಂದಿದ್ದ ರೈತರು ಆ ಮಾತು ಬಿಟ್ಟರು. ನಾನು ಸಿಕ್ಕ ಸಿಕ್ಕವರಿಗೆಲ್ಲ ಆ ಕಾರನ್ನು ತೋರಿಸಿ ಮೆರೆದೆ. ಅವನು ಈಗಲೂ ಉರುಳಿಸುತ್ತಾನಾ ಅಂತ ಒಂದು ಸಲವೂ ಕೇಳಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಅವನ ಫೋನ್ ಬಂತು. ಹಿಂದೆ ಭಯಂಕರ ಶಬ್ದ.

"ಅಣ್ಣಾ, ನೀನೇ ಗೆದ್ದೆ ಬಿಡು. ಘಾಟ್ ಮೇಲೆ ಟೀಗೆ ನಿಲ್ಸಿದ್ದೀನಿ, ಕೀ ನನ್ ಜೇಬಲ್ಲಿದೆ, ಗಾಡಿ ಕಿರುಚ್ತಾ ಇದೆ. ನನ್ನ ಕುಣಿಸೋಕೆ ಎಲ್ಲಿ ಏನ್ ವೈರ್ ಹಾಕಿದ್ದೀಯ ಹೇಳು."

ಶಬ್ದ ಕೇಳಿಯೇ ಕಾಯಿಲೆ ಗೊತ್ತಾಯಿತು. ಇದಕ್ಕೆ ರನ್‌ಅವೇ ಅನ್ನುತ್ತೇವೆ. ಕೀ ತಿರುಗಿಸಿದರೆ ಡೀಸೆಲ್ ನಿಲ್ಲುತ್ತದೆ, ನಿಜ. ಆದರೆ ಟರ್ಬೊದಲ್ಲಿ ಆಯಿಲ್ ತಡೆಯುವ ಸೀಲ್ ಸುಟ್ಟು ಹೋಗಿದ್ದರೆ ಎಂಜಿನ್ ತನ್ನದೇ ಆಯಿಲನ್ನು ಎಳೆದುಕೊಂಡು, ಅದನ್ನೇ ಸುಟ್ಟು, ಒಡೆಯುವವರೆಗೆ ಓಡುತ್ತದೆ. ನಿಲ್ಲಿಸಲು ಒಂದು ದಾರಿಯಿದೆ, ಗೇರಿಗೆ ಸಿಕ್ಕಿಸಿ ಬ್ರೇಕಿನ ಬಲದಿಂದ ಎಂಜಿನ್ನನ್ನು ತಡೆದು ಹಿಡಿಯುವುದು.

"ಲೇ ಚೌಡಾ, ತಮಾಷೆ ಅಲ್ಲ ಕಣೋ. ಒಳಗೆ ಕೂತ್ಕೋ, ಟಾಪ್ ಗೇರ್ ಹಾಕು, ಬ್ರೇಕ್ ಗಟ್ಟಿಯಾಗಿ ಒತ್ಕೊಂಡು ಕ್ಲಚ್ ಬಿಡು."

"ನಿಂತಿರೋ ಗಾಡೀನ ಟಾಪ್ ಗೇರಲ್ಲಾ?" ಅವನು ನಗುತ್ತಿದ್ದ. "ಇಲ್ಲಿರೋರೆಲ್ಲ ನೋಡ್ತಾವ್ರೆ ಅಣ್ಣಾ. ಅವರ ಮುಂದೆ ನನ್ನ ಇನ್ನೊಂದ್ಸಲ ಪೆದ್ದು ಮಾಡ್ಬೇಡ. ವೈರ್ ಎಲ್ಲಿದೆ ಹೇಳು."

ಆಣೆ ಹಾಕಿದೆ. ನನ್ನ ಆಣೆಗಳನ್ನೂ ಅವನು ಮೊದಲೇ ಕೇಳಿದ್ದವನು. ಶಬ್ದ ಏರುತ್ತಾ ಹೋಯಿತು. ಆಮೇಲೆ ಕಬ್ಬಿಣ ಮುರಿದ ಒಂದು ಸದ್ದು, ಎಂಜಿನ್ ನಿಂತಿತು. ಅವನ ದನಿ ಬಂತು. "ಅಣ್ಣಾ, ನಿಜಾನಾ?"

ನಾನು ಹೋಗಿ ನೋಡುವಾಗ ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಕೈ ತೂರುವಷ್ಟು ದೊಡ್ಡ ತೂತು, ಅದರಿಂದ ಪಿಸ್ಟನ್ನಿನ ಮುರಿದ ರಾಡ್ ಹೊರಗೆ ಇಣುಕುತ್ತಿತ್ತು. ಬಿಳಿ ಗೂಡಿನ ಮೂಟೆಗಳಿಗೆಲ್ಲ ಹೊಗೆ ಹಿಡಿದಿತ್ತು. ಯಾವುದೋ ಪಿಕಪ್ಪಿನವನು ಅವನ್ನು ತನ್ನ ಗಾಡಿಗೆ ಎತ್ತಿ ಹಾಕಿಕೊಳ್ಳುತ್ತಿದ್ದ. ಆ ರೈತರು ಮತ್ತೆ ಇವನ ಕಡೆ ತಿರುಗಲಿಲ್ಲ. ಬೇರೆ ಎಂಜಿನ್ ನಾನೇ ಹಾಕಿಕೊಡುತ್ತೇನೆ ಅಂದೆ, ಬೇಡ ಅಂದು ಕಾರನ್ನು ಗುಜರಿಗೆ ಕೊಟ್ಟ. ಈಗ ವೇಮಗಲ್ ಕಡೆ ಒಂದು ಫ್ಯಾಕ್ಟರಿಯ ಬಸ್ ಓಡಿಸುತ್ತಾನೆ. ಗುಜರಿಗೆ ಹೋಗುವ ಮೊದಲು ಟರ್ಬೊ ಬಿಚ್ಚಿ ನೋಡಿದ್ದೆ, ಶಾಫ್ಟಿಗೆ ಆಯಿಲ್ ಇದ್ದಿಲಿನ ಹಾಗೆ ಸುಟ್ಟು ಹಿಡಿದಿತ್ತು. ನಾನು ಹೇಳಿದ್ದ ಹಾಗೆಯೇ.

ಕೆಲವು ತಿಂಗಳಾದ ಮೇಲೆ ಚೌಡಪ್ಪ ಗ್ಯಾರೇಜಿಗೆ ಬಂದ. ಟೀ ತರಿಸಿದೆ. ನಾನು ಏನೋ ಹೇಳಲು ಹೊರಟಾಗ ಭುಜ ತಟ್ಟಿ, "ಪೋನೀಲೇ ಅಣ್ಣಾ, ಹಳೇ ಗಾಡಿ ತಾನೆ," ಅಂದ. ನಮ್ಮ ಕಡೆ ಹೋಗಲಿ ಬಿಡು ಅನ್ನಬೇಕಾದಾಗ ತೆಲುಗಿನಲ್ಲಿ ಹಾಗೆ ಅನ್ನುತ್ತೇವೆ.

ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದು: ಮೆಕ್ಯಾನಿಕ್‌ಗೆ ಕೈ ಎಷ್ಟು ಮುಖ್ಯವೋ ನಾಲಿಗೆಯೂ ಅಷ್ಟೇ ಮುಖ್ಯ. ಕೈ ಮಾಡಿದ ಕೆಲಸವನ್ನು ನಾಲಿಗೆ ಕಾಯಬೇಕು. ನನ್ನ ನಾಲಿಗೆಯನ್ನು ನಾನು ಟೀ ಅಂಗಡಿಗಳಲ್ಲಿ ಮೊದಲೇ ಸವೆಸಿಬಿಟ್ಟಿದ್ದೆ.

ಇದರಲ್ಲಿ ಗಾಳಿಯ ಕಥೆ ಸುಳ್ಳು ಅಂದುಕೊಂಡಿರುತ್ತೀರಿ. ಅದು ನಡೆದದ್ದು ನಿಜ, ನಂಗಲಿಯಲ್ಲಿ ಯಾರನ್ನಾದರೂ ಕೇಳಿ. ಕೀ ತೆಗೆದರೂ ಕಾರು ಓಡಿದ್ದು ನಿಜ. ನಾನು ಕಟ್ಟಿದ ಸುಳ್ಳು ಒಂದೇ. ಚೌಡಪ್ಪ ಟೀ ಕುಡಿಯಲು ಬಂದದ್ದು, ಪೋನೀಲೇ ಅಂದದ್ದು. ಅವನು ಬರಲಿಲ್ಲ. ಫ್ಯಾಕ್ಟರಿಯ ಬಸ್ಸನ್ನು ರಿಪೇರಿಗೆ ಈ ಕಡೆ ತಂದಾಗಲೂ ನನ್ನ ಗ್ಯಾರೇಜು ದಾಟಿ ಮುಂದೆ ಹೋಗುತ್ತಾನೆ.