ಪಾಕದ ಮೊದಲ ಉಂಡಿ

ನಮ್ಮವರ ಹೆಸರು ನಾ ಹೇಳಂಗಿಲ್ಲ. ಈಗಿನ ಹುಡುಗ್ಯಾರು ಗಂಡನ ಹೆಸರು ಹಿಡದು ಕರೀತಾರ, ಕರೀಲಿ, ನನಗೇನು. ಆಲಮೇಲದಾಗ ಬಸ್ಸಿಳದು ಯಾರನ್ನ ಕೇಳಿದ್ರೂ ಬೆಲ್ಲದ ಅಮೋಘಸಿದ್ಧ ಅಂತಾರ. ಅದು ಮಂದಿ ಬಾಯಾಗಿನ ಮಾತು, ನಾ ಬರೇ ನಿಮಗ ಮುಟ್ಟಿಸೇನಿ, ಅದರ ಪಾಪ ನನಗ ಹತ್ತಂಗಿಲ್ಲ.

ಹೊಲ ಮನಿ ನಮ್ಮದು ಅಷ್ಟಕ್ಕಷ್ಟ. ಆದ್ರ ಪಾಕ ನೋಡಾಕ ಅವರನ್ನ ಬಿಟ್ರ ಭೀಮಿ ಹೊಳಿ ದಂಡಿಮ್ಯಾಲ ಇನ್ನೊಬ್ಬರಿರಲಿಲ್ಲ. ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗಿಗೆ ಬೀಳತೈತಿ, ಕೆಳಗ ಬೆಂಕಿ. ಮೊದಲ ಹಸರು ಬುರುಗು ಏಳತೈತಿ, ಆಮ್ಯಾಲ ಹಳದಿ, ಆಮ್ಯಾಲ ಬಂಗಾರ. ಯಾವ ಬಣ್ಣಕ್ಕ ಕೊಪ್ಪರಿಗಿ ಇಳಸಬೇಕು ಅನ್ನೂದು ಅವರಿಗೆ ಗೊತ್ತು. ತಟಗ ಮೊದಲ ಇಳಿಸಿದ್ರ ಬೆಲ್ಲ ಗಟ್ಟಿಯಾಗಂಗಿಲ್ಲ, ತಟಗ ತಡಾ ಆದ್ರ ಹೊತ್ತಿ ಕರ್ರಗಾಗತೈತಿ. ದೀಪಾವಳಿಗೆ ಗಾಣ ಹೂಡಿದ್ರ ಹೋಳಿ ಹುಣ್ಣಿವಿ ತನಕ ಮನಷ್ಯಾ ಮನೀಗೆ ಬಂದ್ರೂ ಬಂದಂಗಲ್ಲ. ಮೈಯಾಗ, ಅಂಗಿಯಾಗ, ಕನಸಿನ್ಯಾಗೂ ಬೆಲ್ಲದ ವಾಸನಿ. ಮಗ್ಗಲದಾಗ ಮಲಗಿದ್ರ ಇರಿವಿ ನನ್ನನ್ನೂ ಹುಡುಕ್ಕೊಂಡು ಬರತಿದ್ದುವು.

ನಮ್ಮೂರ ಗಾಣದಾಗ ಒಂದು ಪದ್ಧತಿ ಇತ್ತು. ಪಾಕ ಇಳೀತಂದ್ರ ಕಬ್ಬಿನ ಒಡೆಯ ಮೊದಲ ಬಿಸಿ ಉಂಡಿ ಕಟ್ಟಿ, ಊದಿ ಊದಿ ಆರಿಸಿ, ತನ್ನ ಕೈಲೇ ನಮ್ಮವರ ಬಾಯಾಗ ಇಡಬೇಕು. ಇವರು ಅದನ್ನ ಕರಗಿಸಿ ನುಂಗಿ “ಸಿಹಿ ಐತಿ” ಅನ್ನೂತನಕ ಒಂದು ಬೆಲ್ಲದ ಪೆಂಟಿನೂ ಗಾಡಿ ಹತ್ತತಿರಲಿಲ್ಲ. ಎಂಥಾ ಸಾವಕಾರ ಇದ್ರೂ ಇವರ ಮುಂದ ಬಗ್ಗಿ ನಿಂತು ಉಂಡಿ ಇಡತಿದ್ದ. ಹಗಲಿಗೆ ಎಷ್ಟು ಪಾಕ ಇಳೀತಿದ್ದುವೋ ಅಷ್ಟು ಉಂಡಿ. ಆ ಕೊಪ್ಪರಿಗಿ ಹತ್ರ ಹೆಣಮಕ್ಕಳು ಸುಳೀತಿರಲಿಲ್ಲ, ಹಿಂಗಾಗಿ ಈ ಮಾತು ಕಿವಿಲೆ ಕೇಳಿದ್ನಿ ಹೊರತು ಕಣ್ಣಿಲೆ ನೋಡಿರಲಿಲ್ಲ.

ದೊಡ್ಡ ಬರ ಕಳದ ಮ್ಯಾಲ ಅವರ ಕಣ್ಣಾಗ ಪೊರಿ ಬಂತು. ಮೊದಲ ಅವರು ಹೇಳಲೇ ಇಲ್ಲ. ಒಂದಿನ ಅಂಗಳದಾಗ ಕುಂತು, “ಶಂಕ್ರಿ, ನನಗ ಎಲ್ಲಾ ಕೊಪ್ಪರಿಗಿ ಹಬಿಯೊಳಗ ಕಂಡಂಗ ಕಾಣತೈತಿ ನೋಡು. ಎತ್ತು ಬಂದ್ರ ಮೋಡ ಬಂದಂಗ ಆಗತೈತಿ, ನೀ ಬಂದ್ರ ಬೆಳದಿಂಗಳ ಬಂದಂಗ,” ಅಂದ್ರು. ನನಗ ಸಿಟ್ಟೂ ಬಂತು, ಅಳೂನೂ ಬಂತು. ಬೆಳದಿಂಗಳಂತ ಬೆಳದಿಂಗಳು. ನಾಳಿಗೆ ಕೊಪ್ಪರಿಗಿಯೊಳಗ ಬಿದ್ರ ಯಾರು ತಗೀತಾರ ಅಂತ ಬೈದ್ನಿ. ಅವರು ನಕ್ಕೋತ ಕುಂತ್ರು. ಸಿಹಿ ಕನಸು ಬಿದ್ದವರನ್ನ ಎಬ್ಬಿಸಿದ್ರ ಹ್ಯಾಂಗ ನಗತಾರ, ಹಂಗ.

ಸಿಂದಗಿ ಸಾಲಿಯೊಳಗ ವರ್ಷಕ್ಕೊಮ್ಮೆ ಕಣ್ಣಿನ ಶಿಬಿರ ಆಗತಿತ್ತು, ಸಂಕ್ರಾಂತಿ ಆದಮ್ಯಾಲ. ದೊಡ್ಡ ಡಾಕ್ಟರು ದೂರದಿಂದ ಬಂದು ಪೊರಿ ತಗೀತಿದ್ರು. ಆದ್ರ ಮೊದಲ ಉಚ್ಚಿ ತಪಾಸಣಿ. ರಾತ್ರಿ ಉಂಡ ಮ್ಯಾಲ ಏನೂ ತಿನ್ನಬಾರದು, ಚಹಾನೂ ಕುಡೀಬಾರದು ಅಂತ ಡಂಗುರ ಹೊಡೆಸಿದ್ರು. ನಾನೂ ಅವರ ಜೋಡಿ ಏನೂ ಬಾಯಿಗೆ ಹಾಕಲಿಲ್ಲ. ಅವರು ಕೋಳಿ ಕೂಗೂದಕ್ಕ ಗಾಣಕ ಹೋಗಿ, ಒಂದು ಪಾಕ ಇಳಿಸಿಕೊಟ್ಟು, ಅಲ್ಲಿಂದನ ಬಸ್ಸಿಗೆ ಬಂದ್ರು. ದಾರಿಯೊಳಗ ಯಾರೋ ಬಾಳಿಹಣ್ಣು ಕೊಟ್ರ ನಾನಾ ಕಸಗೊಂಡು ಚೀಲದಾಗ ಹಾಕಿದ್ನಿ. ಹಂಗ ಕಾಯ್ದೀನಿ ನಾ.

ಕಂಪೌಂಡರ ಒಂದು ಗಾಜಿನ ನಳಗಿಯೊಳಗ ನೀಲಿ ನೀರು ಹಾಕಿ, ಇವರ ಉಚ್ಚಿ ಹನಿ ಹನಿ ಬಿಟ್ಟು, ಸ್ಪಿರಿಟ್ ದೀಪದ ಮ್ಯಾಲ ಹಿಡದ. ನೀಲಿ ಹಸರಾತು, ಹಸರು ಹಳದಿ ಆತು, ಹಳದಿ ಹೋಗಿ ಇಟ್ಟಂಗಿ ಬಣ್ಣ ಆತು. ನಮ್ಮನಿಯವರ ಕೊಪ್ಪರಿಗಿನ ಸಣ್ಣದಾಗಿ ಬಂದು ಅವನ ಕೈಯಾಗ ಕುಂತಂಗಿತ್ತು.

“ಸಕ್ಕರಿ ಬ್ಯಾನಿ ಐತಿ, ಅದೂ ಭಾಳ,” ಅಂದ ಅವ. “ಈಗ ಕಣ್ಣು ಕೊಯ್ದ್ರ ಗಾಯ ಮಾಯಂಗಿಲ್ಲ, ಕೀವು ಹಿಡೀತೈತಿ. ಸಕ್ಕರಿ ಇಳಿಸಿಕೊಂಡು ಮುಂದಿನ ವರ್ಷ ಬರ್ರಿ. ಏನರ ತಿಂದು ಬಂದೀರೇನು?”

“ಇಲ್ಲರಿ,” ಅಂದ್ರು ನಮ್ಮವರು.

“ಹನಿ ನೀರೂ ಕುಡದಿಲ್ಲ, ನಾ ಸಾಕ್ಷಿ ಅದೀನಿ,” ಅಂತ ನಾನೂ ಅವನ ಮ್ಯಾಲ ಏರಿ ಹೋದ್ನಿ. ಅವ ಪಾಪ ಏನು ಮಾಡ್ಯಾನು, ಮುಂದಿನವರನ್ನ ಕರದ. ಬಸ್ಸಿನ್ಯಾಗ ಇವರು ಕಿಡಕಿಗೆ ತಲಿ ಇಟ್ಟು, “ಇನ್ನೊಂದು ವರ್ಷ ಹಬಿಯೊಳಗ ಇರಬೇಕಾತು,” ಅಂದ್ರು. ಅವತ್ತು ನಗಲಿಲ್ಲ.

ಸಿಂದಗಿಯ ಬಸಂತರಾಯ ಡಾಕ್ಟರು ಗುಳಿಗಿ ಕೊಟ್ರು. ಜ್ವಾಳದ ರೊಟ್ಟಿ ಅಳತಿಲೆ, ಮೆಂತೆ ಪಲ್ಲೆ, ಸಪ್ಪನ ಚಹಾ. ಸಕ್ಕರಿ ಡಬ್ಬಿ ನಾ ಕಾಳಿನ ಹಗೇವಿನ್ಯಾಗ ಹುಗದಿಲ್ಲ ಅಷ್ಟ, ಬಾಕಿ ಎಲ್ಲಾ ಮಾಡಿದ್ನಿ. ಅಷ್ಟಾದ್ರೂ ಡಾಕ್ಟರ ಹಂತೇಕ ಹೋದಾಗೆಲ್ಲಾ ನಳಗಿಯೊಳಗ ಅದ ಇಟ್ಟಂಗಿ. ಡಾಕ್ಟರು ಮಾರಿ ಸಣ್ಣದು ಮಾಡಿ ಇನ್ನೊಂದು ಗುಳಿಗಿ ಏರಿಸಿದ್ರು. ಓಣಿ ಸಾವಿತ್ರವ್ವ ಬಂದು, ತಪಾಸಣಿಗೆ ಹೋಗೂಮುಂದ ಒಂದು ವಾಟಗಾ ಬೇವಿನ ರಸಾ ಕುಡಸವ್ವಾ, ಎಲ್ಲಾ ತೊಳದು ಹೋಗತೈತಿ ಅಂದ್ಲು. ಬೇವು ಬೆಲ್ಲ ಕೂಡಿಸಿದ್ರ ಯುಗಾದಿ ಆಗತೈತಿ, ಸಕ್ಕರಿ ಬ್ಯಾನಿ ಹೋಗಂಗಿಲ್ಲ ಅಂತ ಅಕಿನ್ನ ಕಳಿಸಿದ್ನಿ. ಆದ್ರೂ ಒಂದಿನ ಕುಡಸಿ ನೋಡಿದ್ನಿ. ಇಟ್ಟಂಗಿನ.

ಹೋಳಿ ಆತು, ಗಾಣ ಬಿಚ್ಚಿದ್ರು. ಬ್ಯಾಸಗಿ ಬಂತು. ಒಂದಿನ ಮಧ್ಯಾಹ್ನ ನಾ ಬುತ್ತಿ ತಗೊಂಡು ಹೊಲಕ ಹೋದ್ರ ಇವರು ಬೇವಿನ ಗಿಡದ ಬುಡಕ ಕುಂತಿದ್ರು. ಬಿಸಿಲು ಅಂದ್ರ ನೆಲಾ ಕುಣೀತಿತ್ತು. ಅವರ ಅಂಗಿ ತೊಯ್ದು ತಪ್ಪಡಿ ಆಗಿತ್ತು, ಕಣ್ಣು ಎಲ್ಲೋ ಇದ್ದುವು. ಕೈ ಬರೇ ಗಾಳಿಯೊಳಗ ನಿಧಾನಕ ತಿರುವಾಕತ್ತಿತ್ತು, ಕೊಪ್ಪರಿಗಿಯೊಳಗ ತಿರುವಿದಂಗ.

“ಪಾಕ ಬಂತು,” ಅಂದ್ರು. “ಬಂಗಾರ ಆತು ನೋಡ್ರಿ. ಇಳಸ್ರಿ ಇನ್ನ.”

ಯಾವ ಪಾಕ, ಎಲ್ಲಿ ಕೊಪ್ಪರಿಗಿ. ಅವರ ಮಾರಿ ಮ್ಯಾಲ ಮಾತ್ರ ಎಂಥಾ ಸುಖ ಇತ್ತು ಅಂತೀರಿ, ಎಬ್ಬಸಾಕ ಮನಸ್ಸು ಬರಬಾರದು ಅಂಥಾ ಸುಖ. ಒದರಿದ್ನಿ ನಾ. ಬಾಜೂ ಹೊಲದ ಅಪ್ಪಾಸಾಬಣ್ಣ ಓಡಿ ಬಂದ. ಬಿಸಲಾಗ ಬಿದ್ದವರಿಗೆ ನಮ್ಮ ಕಡೆ ಏನು ಕೊಡತಾರ, ಬೆಲ್ಲ ನೀರು. ಅವ ತಂಬಗಿಯೊಳಗ ಬೆಲ್ಲ ಕಲಸಾಕತ್ತ. “ಬ್ಯಾಡ್ರಿ ಅಣ್ಣಾರ, ಸಕ್ಕರಿ ಬ್ಯಾನಿ ಐತಿ, ಸಾಯ್ತಾರ,” ಅಂತ ನಾ ಕೈ ಹಿಡದ್ನಿ. “ಈಗೇನು ಬದುಕ್ಯಾನಂತಿಯೇನವ್ವಾ,” ಅಂತ ಅವ ನನ್ನ ಕೈ ಸರಿಸಿ ಗುಟುಕು ಗುಟುಕು ಕುಡಿಸಿದ. ತಡಾ ಆಗಲಿಲ್ಲ, ಬೆವರು ನಿಂತಿತು, ಕೈ ತಿರುವೂದು ನಿಂತಿತು. “ಶಂಕ್ರಿ, ನೀ ಯಾವಾಗ ಬಂದಿ?” ಅಂತ ಕೇಳಿದ್ರು.

ಮರುದಿನ ಮೊದಲನೇ ಬಸ್ಸಿಗೆ ಸಿಂದಗಿ. ನಾ ಡಾಕ್ಟರ ಮ್ಯಾಲ ಹರಿಹಾಯ್ದ್ನಿ. “ನಿಮ್ಮ ಗುಳಿಗಿ ನನ್ನ ಕುಂಕುಮ ಅಳಸತಿತ್ರಿ. ಬೆಲ್ಲ ಉಳಿಸ್ತು ಅವರನ್ನ. ಇದ್ಯಾವ ವೈದ್ಯ?”

ಬಸಂತರಾಯ ಡಾಕ್ಟರು ಸಿಟ್ಟಾಗಲಿಲ್ಲ. ಇವರ ಕಡೆ ತಿರುಗಿ, “ಗುಳಿಗಿ ಅಷ್ಟ ಐತಿ. ಊಟ ಏನರ ಕಡಿಮಿ ಆತೇನು?” ಅಂತ ಕೇಳಿದ್ರು.

“ಇಲ್ಲರಿ, ಅವ ರೊಟ್ಟಿ, ಅದ ಪಲ್ಲೆ,” ಅಂದ್ನಿ ನಾನು.

ನಮ್ಮವರು ಟೋಪಿ ತಗದು ತೊಡಿಮ್ಯಾಲ ಇಟ್ಟುಕೊಂಡ್ರು. “ಗಾಣ ಬಂದ್ ಆಗೈತ್ರಿ,” ಅಂದ್ರು.

ಆವಾಗ ಹೊರಬಿತ್ತು. ಕಿವಿಲೆ ಕೇಳಿದ್ದ ಆ ಉಂಡಿ ನನ್ನ ತಲಿಯೊಳಗ ಬಂದೇ ಇರಲಿಲ್ಲ. ದಿನಾ ಪಾಕ ಪಾಕಕ್ಕೂ ಉಂಡಿ. ಶಿಬಿರದ ಮುಂಜಾನಿನೂ ಉಂಡಿ. ಡಾಕ್ಟರ ಕಡೆ ಬರೂಮುಂದೂ ಉಂಡಿ. “ನಾ ತಿಂದಿಲ್ಲರಿ ಸಾಹೇಬ್ರ, ಪಾಕ ನೋಡೇನಿ. ಅದು ಕೆಲಸ. ಊಟಾ ಅಂತ ನಾ ಎಂದೂ ಹಿಡದಿಲ್ಲ,” ಅಂದ್ರು. ಆ ಮಾತಿನ್ಯಾಗ ಸುಳ್ಳಿರಲಿಲ್ಲ. ಅದ ನನಗ ಹೊಟ್ಟಿ ಉರಿಸಿದ್ದು.

“ನಿಮಗ ಅದು ಕೆಲಸ, ರಕ್ತಕ್ಕ ಅದು ಊಟನ,” ಅಂದ್ರು ಡಾಕ್ಟರು. “ಇಟ್ಟಂಗಿ ಬಣ್ಣ ನೋಡಿ ನೋಡಿ ನಾ ಗುಳಿಗಿ ಏರಿಸಿದ್ನಿ. ಆ ಬಣ್ಣ ನಿಮ್ಮ ಬ್ಯಾನಿದಷ್ಟ ಅಲ್ಲ, ಉಂಡಿದೂ ಹೌದು. ಬ್ಯಾನಿಗೆ ಕೊಡೂ ಔಷಧ ನಾ ಬೆಲ್ಲಕ್ಕ ಕೊಟ್ಟಂಗಾತು. ಗಾಣ ನಿಂತು ಬೆಲ್ಲ ನಿಂತಿತು, ಗುಳಿಗಿ ನಿಲ್ಲಲಿಲ್ಲ. ಅದಕ್ಕ ಮೈಯಾಗಿನ ಸಕ್ಕರಿ ಪಾತಾಳಕ್ಕ ಇಳೀತು.” ಗುಳಿಗಿ ಕಡಿಮಿ ಮಾಡಿದ್ರು. ಹಂಗ ಬೆವತು ಕೈ ನಡುಗಿದಾಗ ಮಾತ್ರ ಬೆಲ್ಲ, ಬಾಕಿ ಹೊತ್ತಿನ್ಯಾಗ ನಾಲಿಗಿಗೆ ಹಚ್ಚೂದೂ ಬ್ಯಾಡ ಅಂದ್ರು. “ಕಣ್ಣು ಬೇಕಂದ್ರ ಇದು. ಇನ್ನೂ ತಡಾ ಮಾಡಿದ್ರ ಪೊರಿ ತಗದ್ರೂ ಒಳಗ ಬೆಳಕಿರಂಗಿಲ್ಲ.”

ಆ ಮಾತು ನಾ ಸೆರಗಿನ್ಯಾಗ ಗಂಟು ಹಾಕ್ಕೊಂಡು ಬಂದ್ನಿ. ಬ್ಯಾಸಗಿ, ಮಳಿಗಾಲ ಚಲೋ ಹೋದುವು. ನಳಗಿ ಇಟ್ಟಂಗಿ ಬಿಟ್ಟು ಹಸರಿಗೆ ಬಂತು; ಕುದಿಸಿದ್ರೂ ನೀಲಿನ ಉಳದ್ರ ಸಕ್ಕರಿ ಇಲ್ಲ ಅಂತ ಡಾಕ್ಟರು ಹೇಳಿದ್ರು. ಆದ್ರ ನನಗ ಅಂಜಿಕಿ ಇದ್ದದ್ದು ದೀಪಾವಳಿದು. ಗಾಣ ಹೂಡಿದ್ರ ಉಂಡಿ ಬರತೈತಿ. ಉಂಡಿ ಬ್ಯಾಡ ಅಂದ್ರ ಒಡೆಯಗ ಅವಮಾನ. ಇವರು ಯಾರಿಗೂ ಬ್ಯಾಡ ಅಂದು ಗೊತ್ತಿದ್ದವರಲ್ಲ.

ಗಾಣ ಹೂಡಿದ ಮೊದಲ ದಿನ ಅಪ್ಪಾಸಾಬಣ್ಣನ ಕಬ್ಬು. ನಾ ಯಾರನ್ನೂ ಕೇಳಲಿಲ್ಲ, ಸೆರಗು ಕಟಗೊಂಡು ಕೊಪ್ಪರಿಗಿ ಹತ್ರ ಹೋಗಿ ನಿಂತ್ನಿ. ಭೀಮಿ ಕಡೆಯಿಂದ ಮಂಜು ಏರಿ ಬರಾಕತ್ತಿತ್ತು, ಕೊಪ್ಪರಿಗಿ ಹಬಿ ಅದರೊಳಗ ಕೂಡಾಕತ್ತಿತ್ತು. ಯಾರು ಮನಷ್ಯಾರು, ಯಾವುದು ಗಿಡ, ನನ್ನ ಕಣ್ಣಿಗೂ ಹತ್ತವಲ್ದು. ನಮ್ಮವರು ವರ್ಷಗಟ್ಟಲೆ ಇರೂ ಲೋಕ ಇದು ಅಂತ ಅವಾಗ ತಿಳೀತು. ಚೆಂದಿತ್ತು. ಚೆಂದಿದ್ದದ್ದಕ್ಕ ಮತ್ತಿಷ್ಟು ಅಂಜಿದ್ನಿ, ಇಲ್ಲಿಂದ ಯಾರಿಗೆ ಹೊರಗ ಬರಬೇಕನಸತೈತಿ.

ಪಾಕ ಇಳೀತು. ಅಪ್ಪಾಸಾಬಣ್ಣ ಉಂಡಿ ಊದಿ ಊದಿ ತಂದ. ಉಂಡಿ ಕಾಣದಿದ್ರೂ ವಾಸನಿ ಹಿಡದು ನಮ್ಮವರ ಬಾಯಿ ತಾನ ತೆರೀತು, ಗುಬ್ಬಿ ಮರಿ ಬಾಯಿ ತೆರದಂಗ. ಆಮ್ಯಾಲ ಏನೋ ನೆನಪಾಗಿ ಮುಚ್ಚಿದ್ರು.

“ಯಾಕ ಅಮೋಘಣ್ಣ, ನನ್ನ ಬೆಲ್ಲ ಕಹಿ ಆತೇನು?” ಅಂದ ಅವ. ಸುತ್ತಲಿನ ಮಂದಿ ಕೊಪ್ಪರಿಗಿ ಹತ್ರ ಸರದ್ರು. ಇವರ ಬಾಯಿ ಮತ್ತ ತೆರದೇ ಬಿಡತಿತ್ತು.

“ಅಣ್ಣಾರ,” ಅಂದ್ನಿ ನಾ, “ಅವರ ಅರ್ಧಾ ಅಂಗ ನಾ ಅದೀನಿ. ನನಗ ಕೊಡ್ರಿ.”

ಅಪ್ಪಾಸಾಬಣ್ಣ ಇವರ ಮಾರಿ ನೋಡಿದ, ನನ್ನ ಮಾರಿ ನೋಡಿದ. ಬ್ಯಾಸಗಿಯೊಳಗ ಬೇವಿನ ಗಿಡದ ಬುಡಕ ಅವನೂ ಇದ್ದನಲ್ಲ. ಸುಮ್ಮನ ಉಂಡಿ ನನ್ನ ಅಂಗೈಯಾಗ ಇಟ್ಟ. ಬೆಲ್ಲದವರ ಹೇಣ್ತಿಯಾಗಿ ಮುದುಕಿ ಆಗಾಕ ಬಂದಿದ್ನಿ, ಬಿಸಿ ಉಂಡಿ ಬಾಯಿಗೆ ಬಿದ್ದದ್ದು ಅದ ಮೊದಲು.

“ಹ್ಯಾಂಗೈತಿ?” ಅಂತ ಕೇಳಿದ್ರು ನಮ್ಮವರು.

“ಉಪ್ಪೈತ್ರಿ,” ಅಂದ್ನಿ. ಇದ್ದದ್ದು ಹೇಳಿದ್ರ ಎದ್ದು ಬಂದು ಎದಿಗೆ ಒದೀತಾರಂತ, ಒದೀಲಿ. ಅಪ್ಪಾಸಾಬಣ್ಣನ ಹುಬ್ಬು ಏರಿದುವು. ನಮ್ಮವರು ಮಾತ್ರ ಹೊಟ್ಟಿ ಹಿಡಕೊಂಡು ನಗಾಕತ್ರು. “ಹೊಳಿ ದಂಡಿ ಹೊಲಾ ಅದು, ಸವಳು ಭೂಮಿ. ಮೊದಲಿಂದ ಉಪ್ಪ. ನಾ ಒಬ್ಬಾವ ಸಿಹಿ ಐತಿ ಅನ್ಕೋತ ಬಂದೀನಿ,” ಅಂದ್ರು. ಮಂದಿನೂ ನಕ್ರು, ಕಡೀಕ ಅಪ್ಪಾಸಾಬಣ್ಣನೂ ನಕ್ಕ.

ಆ ಸುಗ್ಗಿ ಪೂರಾ ನಾವಿಬ್ರೂ ಕೊಪ್ಪರಿಗಿ ಮುಂದ ಕುಂತ್ವಿ. ಅವರು ಪಾಕ ಕುದಿಯೂ ಸಪ್ಪಳ ಕೇಳತಿದ್ರು, ನಾ ಬಣ್ಣ ಹೇಳತಿದ್ನಿ. ಹಸರ್ರಿ. ಹಳದಿ ಆತ್ರಿ. ಈಗ ಬಂಗಾರ್ರಿ. ಉಂಡಿ ನನ್ನ ಅಂಗೈಗೆ ಬರತಿತ್ತು, ಚೂರು ಮುರಕೊಂಡು ಉಳಿದದ್ದು ಹುಡುಗರಿಗೆ ಹಂಚತಿದ್ನಿ. ಅವರು ಬರೇ ವಾಸನಿ ತಗೊಂಡು ಉಗುಳು ನುಂಗತಿದ್ರು. ಮನಷ್ಯಾನ ಜೀವಮಾನದ ಮರ್ಯಾದಿ ಅದು, ನಾ ತಿನ್ನಾಕತ್ತಿದ್ನಿ.

ಸಂಕ್ರಾಂತಿ ಆದಮ್ಯಾಲ ಮತ್ತ ಸಿಂದಗಿ, ಮತ್ತ ಅದ ಸಾಲಿ. ಈ ಸಲ ಮುಂಜಾನಿ ಗಾಣಕ ಬಿಡಲಿಲ್ಲ, ಮನಿಯಿಂದನ ಕರಕೊಂಡು ಬಂದ್ನಿ. ಕಂಪೌಂಡರ ನಳಗಿ ಹಿಡದು ದೀಪದ ಮ್ಯಾಲ ಕಾಯಿಸಾಕತ್ತ. ನಮ್ಮವರು ನನ್ನ ಕಡೆ ಕಿವಿ ಕೊಟ್ಟು, “ಬಣ್ಣ ಹೇಳು ಶಂಕ್ರಿ,” ಅಂದ್ರು.

ಸುಗ್ಗಿ ಪೂರಾ ಬಣ್ಣ ಹೇಳಿದಾಕಿಗೆ ಅವತ್ತು ಬಾಯಿ ಕಟ್ಟಿತು. ನೀರು ಕುದೀತು, ಮತ್ತೂ ಕುದೀತು.

“ಇಟ್ಟಂಗಿ ಆತೇನು?” ಅಂದ್ರು ಸಣ್ಣ ದನಿಲೆ.

“ಇಲ್ಲರಿ,” ಅಂದ್ನಿ. “ನೀಲಿ ಐತ್ರಿ. ಕುದ್ರೂ ನೀಲಿನ ಐತಿ.”

ಪೊರಿ ತಗದ್ರು. ಪಟ್ಟಿ ಬಿಚ್ಚಿ, ಗಾಯ ಮಾದು, ದಪ್ಪ ಗಾಜಿನ ಚಾಳೀಸು ಬರೂತನಕ ಬ್ಯಾಸಗಿನ ಬಂತು. ಸಿಂದಗಿ ದವಾಖಾನಿಯೊಳಗ ಮಂದಿ ನಡುವ ಅದನ್ನ ಹಾಕ್ಕೊಂಡು ಅವರು ಮೊದಲ ನೋಡಿದ್ದು ನನ್ನನ್ನ. ಭಾಳ ಹೊತ್ತು ನೋಡಿದ್ರು. ಕಬ್ಬಿನ ಹಾಲಿನ್ಯಾಗ ಕಸಾ ಬಿದ್ದೈತೇನು ಅಂತ ನೋಡತಿದ್ರಲ್ಲ, ಹಂಗ ಹಣಿ ಗಂಟು ಹಾಕಿ.

“ಶಂಕ್ರಿ, ನಿನ್ನ ಕೂದಲು ಯಾವಾಗ ಬೆಳ್ಳಗಾದುವು?”

ಆ ಹಬಿಯೊಳಗ ಅವರು ನನ್ನನ್ನ ಕರೀ ಕೂದಲಿನ್ಯಾಕಿ ಮಾಡಿನ ಇಟ್ಟಿದ್ರು ಅಂತ ನನಗ ಅವಾಗ ತಿಳೀತು. ಹಂಗಂತ ನಾ ಬಿಟ್ಟು ಕೊಡಾಕಿನ?

“ನೀವು ಪಾಕ ನೋಡಾಕತ್ತಿದ್ರಲ್ಲ, ಅವಾಗ್ರಿ,” ಅಂದ್ನಿ.

ಅವರು ನಗಲಿಲ್ಲ. ಮಂದಿ ಮುಂದನ ಕೈ ಚಾಚಿ ನನ್ನ ಸೆರಗು ತಟಗ ಹಿಂದ ಸರಿಸಿ, ಇನ್ನೊಮ್ಮೆ ನೋಡಿದ್ರು.