ಬಿರುಕಿಗೆ ಸಗಣಿ ಸಾರಿಸಿದ ನಮ್ಮಕ್ಕ

ಎಂಜಿನಿಯರ್‌ಗೆ ತೋರಿಸಬೇಕಾದ ಬಿರುಕನ್ನು ಅವರು ಬರುವ ಮೊದಲೇ ಯಾರಾದರೂ ಮುಚ್ಚುತ್ತಾರಾ? ನಮ್ಮಕ್ಕ ಮುಚ್ಚಿದ್ದಳು. ಮೇಲೊಂದು ರಂಗೋಲಿ ಬೇರೆ!

ಅಕ್ಕನ ಮನೆ ಚನ್ನಗಿರಿ ಕಡೆಯ ಉಬ್ರಾಣಿಯಲ್ಲಿ. ಹಿತ್ತಲಂಗಳ ಮುಗಿಯುವಲ್ಲಿ ಜೇಡಿಮಣ್ಣಿನ ಕಡಿದಾದ ದರೆ, ಕೆಳಗೆ ಹಳ್ಳ. ಹೋದ ಮಳೆಗಾಲದಿಂದ ದರೆಯ ಅಂಚಿನುದ್ದಕ್ಕೂ ಒಂದು ಬಿರುಕು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಚಪ್ಪರ ಹಾಕಿಸಲು ಹೊರಟಿದ್ದು ಅದೇ ಜಾಗದಲ್ಲಿ! ಜನ ಸೇರಿದಾಗ ದರೆ ಕುಸಿದರೆ? ಪರಿಚಯದ ಎಂಜಿನಿಯರ್ ಮೇಡಂ ಒಬ್ಬರನ್ನು ಕಾಡಿ ಬೇಡಿ ಕರೆದುಕೊಂಡು ಹೋದೆ.

"ಬಿರುಕು ಎಲ್ಲಿ?" ಎಂದರು ಮೇಡಂ.

"ದೊಡ್ಡೋರು ಬರ್ತಾರೆ ಅಂತ ಸಾರಿಸಿಬಿಟ್ಟೆ ರೀ. ಬಾಯಿಬಿಟ್ಟ ಅಂಗಳ ತೋರ್ಸಾಕೆ ನಾಚಿಕೆ ಆಗಲ್ವಾ?" ಅಂದಳು ಅಕ್ಕ.

ನಾನು ಹಲ್ಲು ಕಡಿದೆ. ಮೇಡಂ ಮಾತ್ರ ಕಣ್ಣರಳಿಸಿದರು. "ಮೊದಲೂ ಸಾರಿಸಿದ್ರಾ?"

"ವಾರ ವಾರ ಸಾರಿಸ್ತೀನಿ. ಎಷ್ಟು ಗಟ್ಟಿ ಮೆತ್ತಿದ್ರೂ ಅಲ್ಲೇ ಬಿಡ್ತೈತೆ. ಹೆಂಗೆ ಮಾಡಾದು ಹೇಳ್ರಿ?"

ಮೇಡಂ ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ಜೇಡಿಮಣ್ಣು ಒಣಗಿದಾಗ ಅಲ್ಲಲ್ಲಿ ಬಿರಿಯುವುದು ಸಹಜವಂತೆ. ಅಂಚಿನುದ್ದಕ್ಕೂ, ಮುಚ್ಚಿದ ಕಡೆಯೇ ಮತ್ತೆ ಮತ್ತೆ ಬಿರಿದರೆ ದರೆ ಜಾರುತ್ತಿರಬಹುದಂತೆ. ಒಳಗೆ ನೀರಿಳಿದರೆ ಇನ್ನೂ ಅಪಾಯ. (ಅಕ್ಕನ ಬಚ್ಚಲ ನೀರು ಹರಿಯುತ್ತಿದ್ದುದೂ ಅತ್ತಲೇ!)

"ನೀವು ಸಾರಿಸಿದ್ದು ನನಗೆ ಅರ್ಧ ಟೆಸ್ಟ್ ಮಾಡಿಕೊಟ್ಟ ಹಾಗಾಯ್ತು," ಎಂದು ನಕ್ಕರು. ಮನೆ ದರೆಯಿಂದ ದೂರವಿದೆ, ಸದ್ಯಕ್ಕೆ ಭಯವಿಲ್ಲವಂತೆ. ಬಚ್ಚಲ ನೀರನ್ನು ಬೇರೆ ಕಡೆ ತಿರುಗಿಸಬೇಕು. ಅಂಗಳದಲ್ಲಿ ಜನ ಸೇರಿಸುವಂತಿಲ್ಲ.

ಅಕ್ಕನ ಮುಖ ಸಣ್ಣದಾಯಿತು. ಊರಿಗೆಲ್ಲ ಹೇಳಿಯಾಗಿದೆ, ಈಗ ಎಲ್ಲಿ ಮಾಡುವುದು?

ಎದುರುಮನೆಯ ನೂರ್‌ಜಾನ್ ಬೀ ಎಲ್ಲ ಕೇಳಿಸಿಕೊಳ್ಳುತ್ತಾ ನಿಂತಿದ್ದರು. "ನಮ್ಮ ಅಂಗಳ ಏನ್ ಓಡಿಹೋಗೈತಾ ಕಮಲಕ್ಕ? ಚಪ್ಪರ ಅಲ್ಲೇ ಹಾಕಾಕೆ ಹೇಳ್ರಿ!"

ಭಾನುವಾರ ಅಲ್ಲೇ ತೊಟ್ಟಿಲು, ಅಲ್ಲೇ ಹೋಳಿಗೆ ಊಟ. ಯಾರ ಮನೆಯವರು ಯಾರು ಎಂದೇ ತಿಳಿಯದಷ್ಟು ಓಡಾಟ. ನೂರ್‌ಜಾನ್ ಬೀ ತೂಗಿದ ತೂಗಾಟಕ್ಕೆ ಮಗು ಗಡದ್ದಾಗಿ ಮಲಗಿತ್ತು. ಅಷ್ಟು ಖುಷಿಯಾಗಿ ನಾನು ಉಂಡು ಎಷ್ಟು ಕಾಲವಾಗಿತ್ತೋ!

ಕೈ ತೊಳೆದು ಹಿತ್ತಲಿಗೆ ಇಣುಕಿದೆ. ದರೆ ಎಷ್ಟು ಸರಿಯುತ್ತದೆಂದು ಅಳೆಯಲು ಮೇಡಂ ಬಿರುಕಿನ ಆಚೀಚೆ ಎರಡು ಗೂಟ ಹೊಡೆಸಿ ಹೋಗಿದ್ದರು. ಎಮ್ಮೆ ಕಟ್ಟಲು ಯಾರಾದರೂ ಕಿತ್ತುಕೊಂಡು ಹೋದರೆ ಗತಿಯೇನು ಎಂಬ ಚಿಂತೆ ಅವರಿಗೆ. ನೋಡುತ್ತೇನೆ, ಅಕ್ಕ ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿ ಹೂವು ಮುಡಿಸಿದ್ದಾಳೆ.

ಇನ್ನು ಅವನ್ನು ಕೀಳುವ ಗಂಡೆದೆ ಯಾರಿಗಿದೆ, ಹೇಳಿ?